ಎತ್ತಿ ಒಗೆಯುವ ಕೈ

ನಟಿಯೊಬ್ಬಳು ಆಡಿಷನ್‌ಗೆ ಬಂದಿದ್ದಾಳೆ. ಸಿಟ್ಟು, ಸ್ವಾಭಿಮಾನ, ಅಧಿಕಾರ ಎಲ್ಲ ತುಂಬಿದ ಉದ್ದನೆಯ ಮಾತೊಂದನ್ನು ಮೈಯೆಲ್ಲ ದನಿಯಾಗಿ ಒಪ್ಪಿಸುತ್ತಾಳೆ. ಚೆನ್ನಾಗಿಯೇ ಒಪ್ಪಿಸುತ್ತಾಳೆ. ಎದುರು ಕೂತ ಹೆಂಗಸು ಸಮಾಧಾನವಾಗಿ ಹೇಳುತ್ತಾಳೆ: ನೀನು ಓದಿದ್ದು ಗಂಡಸಿನ ಪಾರ್ಟು. ಹಾಗಾದರೆ ಹೆಂಗಸಿಗಿರುವ ಪಾರ್ಟು ಯಾವುದು? ಬಾಗಿಲು ತೆರೆದು ಒಳಗೆ ಬಂದು, ಸಾಹೇಬರಿಗೆ ಹೆಂಡತಿಯಿಂದ ಫೋನ್ ಬಂದಿದೆ ಎಂದು ತಿಳಿಸಿ ಹೋಗುವ ಸೆಕ್ರೆಟರಿಯದು. ನಟಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಆ ಉದ್ದನೆಯ ಮಾತನ್ನೇ ಓದಿದ್ದಳು.

'ಗ್ಲೋ' ಎಂಬ ಅಮೆರಿಕದ ಧಾರಾವಾಹಿ ಶುರುವಾಗುವುದು ಹೀಗೆ. ಲಿಜ್ ಫ್ಲಾಹೈವ್ ಮತ್ತು ಕಾರ್ಲಿ ಮೆನ್ಷ್ ಎಂಬ ಇಬ್ಬರು ಹೆಂಗಸರು ಕಟ್ಟಿದ ಕಥೆ. ನೆಟ್‌ಫ್ಲಿಕ್ಸ್‌ಗೆ ಬಂದದ್ದು 2017ರ ಜೂನ್‌ನಲ್ಲಿ. ಊರೆಲ್ಲ ನೋಡಿ ಮರೆತ ಮೇಲೆ ನಾನು ಈಗ ನೋಡುತ್ತಿದ್ದೇನೆ. ಮೊದಲ ಸೀಸನ್ ಮುಗಿಸಿ ಎರಡನೆಯದರ ನಡುವೆ ಇದ್ದೇನೆ, ಆದ್ದರಿಂದ ಇದನ್ನು ಪೂರ್ತಿ ಕಂಡವಳ ತೀರ್ಮಾನ ಎಂದು ಓದಬೇಡಿ. ಕಥೆ ನಡೆಯುವುದು 1985ರ ಲಾಸ್ ಏಂಜಲೀಸ್‌ನಲ್ಲಿ. ಕೆಲಸವಿಲ್ಲದ ನಟಿಯರು, ನಟನೆಯ ಗಂಧವೇ ಇಲ್ಲದ ಹುಡುಗಿಯರು, ಅಗ್ಗದ ಸಿನಿಮಾ ಮಾಡಿ ಹೆಸರು ಕೆಡಿಸಿಕೊಂಡ ಸ್ಯಾಮ್ ಎಂಬ ನಿರ್ದೇಶಕ, ಅಮ್ಮನ ದುಡ್ಡಲ್ಲಿ ಮೆರೆಯುವ ಒಬ್ಬ ನಿರ್ಮಾಪಕ. ಇವರೆಲ್ಲ ಸೇರಿ ಒಂದು ಹಳೆಯ ಬಾಕ್ಸಿಂಗ್ ಜಿಮ್ಮಿನಲ್ಲಿ ಹೆಂಗಸರ ಕುಸ್ತಿಯ ಟಿವಿ ಕಾರ್ಯಕ್ರಮ ಕಟ್ಟಲು ಹೊರಡುತ್ತಾರೆ. ಅದೇ ಹೆಸರಿನ ನಿಜವಾದ ಕಾರ್ಯಕ್ರಮವೊಂದು 1986ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾಗಿ ಕೆಲವು ವರ್ಷ ನಡೆದಿತ್ತು. ಮೊದಲೇ ಗೊತ್ತುಮಾಡಿಕೊಂಡ ಸೋಲು ಗೆಲುವಿನ, ಬಣ್ಣಬಣ್ಣದ ಉಡುಪಿನ, ತಮಾಷೆಯ ಕುಸ್ತಿ ಅದು.

ಬಾಗಲಗುಂಟೆಯ ನಮ್ಮ ಮನೆಯಲ್ಲಿ ಸಂಜೆ ಆರೂವರೆಯಿಂದ ಹತ್ತರವರೆಗೆ ಟಿವಿ ಅತ್ತೆಯ ಸ್ವತ್ತು. ಎಂಇಐ ಲೇಔಟ್‌ನ ನಮ್ಮ ಸಾಲಿನಲ್ಲಿ ಯಾವ ಮನೆಯ ಮುಂದೆ ಹಾದರೂ ಅದೇ ಹೊತ್ತಿಗೆ ಅದೇ ಧಾರಾವಾಹಿಯ ಅದೇ ಅಳು ಕಿಟಕಿಯಿಂದ ಕಿಟಕಿಗೆ ಮುಂದುವರಿಯುತ್ತದೆ. ಹಾಲಿನ ಪ್ಯಾಕೆಟ್ ತರಲು ಹೋಗಿಬಂದರೂ ಒಂದು ಮಾತು ತಪ್ಪಿಹೋಗುವುದಿಲ್ಲ. ಹತ್ತರ ಮೇಲೆ ರಿಮೋಟು ನನ್ನ ಕೈಗೆ. ಅತ್ತೆಗೆ ಇಂಗ್ಲಿಷ್ ಬಾರದು, ನಿದ್ದೆಯೂ ಬಾರದು. ಆದ್ದರಿಂದ ಕೂತೇ ಇರುತ್ತಾರೆ. ಜಿಮ್ಮಿನಲ್ಲಿ ಹತ್ತಾರು ಹೆಂಗಸರು ಸಾಲಾಗಿ ನಿಂತು ನೀನು ಇಂಥ ಪಾತ್ರ, ನೀನು ಇಂಥ ಪಾತ್ರ ಎಂದು ಹೇಳಿಸಿಕೊಳ್ಳುವ ದೃಶ್ಯ ಬಂದಾಗ ಕೇಳಿದರು.

"ಇವ್ರೇನು ಕಂಪ್ನಿಯೋರಾ?"

"ಅಲ್ಲ ಅತ್ತೆ, ಕುಸ್ತಿಯವರು."

"ಪಾರ್ಟು ಹಂಚ್ತಾವ್ರಲ್ಲಮ್ಮ. ಕಂಪ್ನಿನೇ."

ಅತ್ತೆ ಗುಬ್ಬಿ ಕಡೆಯವರು. ಆ ಸೀಮೆಯಲ್ಲಿ ಹುಟ್ಟಿದವರಿಗೆ ಕಂಪನಿ ಎಂದರೆ ನಾಟಕದ ಕಂಪನಿ ಒಂದೇ. ಅವರು ಲಂಗದ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಹೆಂಗಸರೇ ಆಡುವ ನಾಟಕವೊಂದನ್ನು ನೋಡಿದ್ದರಂತೆ. ಯಾವ ಕಂಪನಿ ಎಂಬುದು ನೆನಪಿಲ್ಲ. ಆದರೆ ಭೀಮನ ಪಾರ್ಟಿನವಳು ಗದೆ ಹೆಗಲಿಗೇರಿಸಿ ಬಂದಾಗ ಮುಂದಿನ ಸಾಲಿನ ಮಕ್ಕಳು ಹೆದರಿ ತಾಯಂದಿರ ಸೆರಗಿಗೆ ನುಗ್ಗಿದ್ದು, ನಾಟಕ ಮುಗಿದ ಮೇಲೆ ಆ ಭೀಮ ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ಎಲೆ ಅಡಿಕೆ ಹಾಕಿಕೊಂಡದ್ದು ಚೆನ್ನಾಗಿ ನೆನಪಿದೆ. ಆವತ್ತು ಮನೆಗೆ ಬಂದು ತಾವೂ ತೊಡೆ ತಟ್ಟಿ ನೋಡಿಕೊಂಡರಂತೆ. ಅಜ್ಜಿಯಿಂದ ಬೆನ್ನಿಗೊಂದು ಬಿತ್ತಂತೆ.

ಅತ್ತೆ ಹೇಳಿದ ಮೇಲೆ ಆರ್. ನಾಗರತ್ನಮ್ಮನವರನ್ನು ನೆನೆಯದೆ ಈ ಧಾರಾವಾಹಿ ನೋಡುವುದು ನನಗೆ ಆಗಲಿಲ್ಲ. ಮೈಸೂರಿನಲ್ಲಿ 1926ರಲ್ಲಿ ಹುಟ್ಟಿದ ಈಕೆ ಗುಬ್ಬಿ ಕಂಪನಿಯೂ ಸೇರಿದಂತೆ ಹಲವು ಕಂಪನಿಗಳಲ್ಲಿ ಪಳಗಿ, 1958ರಲ್ಲಿ ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಕಂಸ ಅವರೇ, ರಾವಣ ಅವರೇ, ಭೀಮ, ದುರ್ಯೋಧನ ಅವರೇ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಒಂದು ಕಾಲಕ್ಕೆ ಕನ್ನಡದ ರಂಗದ ಮೇಲೆ ದ್ರೌಪದಿಯೂ ಗಂಡಸೇ, ಸೀತೆಯೂ ಗಂಡಸೇ. ಹೆಣ್ಣಿನ ಪಾರ್ಟು ಕೂಡ ಹೆಣ್ಣಿಗಿರಲಿಲ್ಲ. ಅಲ್ಲಿಂದ ದುರ್ಯೋಧನನ ಕಿರೀಟದವರೆಗೆ ಬರಲು ಎಂಥ ಎದೆ ಬೇಕಾಗಿತ್ತೋ! 'ಗ್ಲೋ'ದ ಆ ನಟಿ ರೂತ್ ಆಡಿಷನ್ ಕೋಣೆಯಲ್ಲಿ ಗಂಡಸಿನ ಮಾತು ಓದಿ ಪೆಚ್ಚಾಗಿ ಹೊರಗೆ ಬಂದಳು. ನಾಗರತ್ನಮ್ಮ ಆ ಮಾತು ಕೇಳಲು ಟಿಕೆಟ್ಟು ಇಟ್ಟರು.

ಈಗಲೂ ನಮ್ಮ ದಾಸರಹಳ್ಳಿ, ಪೀಣ್ಯ, ತುಮಕೂರು ರಸ್ತೆಯ ಸುತ್ತಮುತ್ತ 'ಕುರುಕ್ಷೇತ್ರ' ನಾಟಕದ ಬ್ಯಾನರು ಕಟ್ಟದ ವರ್ಷವಿಲ್ಲ. ಕಾರ್ಖಾನೆಯ ಫಿಟ್ಟರು, ರಿಯಲ್ ಎಸ್ಟೇಟಿನವರು, ನಿವೃತ್ತ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಪಾರ್ಟು ಕೊಳ್ಳುತ್ತಾರೆ. ದುರ್ಯೋಧನನಿಗೆ ದರ ಹೆಚ್ಚು, ದೂತನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಮಟ್ಟು ಕಲಿಸುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ನಟಿಯರು ಬರುತ್ತಾರೆ, ಕೂಲಿ ತೆಗೆದುಕೊಂಡು. ಬೆಳಗಿನ ಜಾವ ದ್ರೌಪದಿ ಮೇಕಪ್ಪು ತೆಗೆದು ಮೊದಲ ಬಸ್ಸಿಗೆ ಓಡಬೇಕು, ಸಂಜೆ ಇನ್ನೊಂದೂರಿನಲ್ಲಿ ಇನ್ನೊಬ್ಬ ದುಶ್ಶಾಸನ ಸೀರೆ ಸೆಳೆಯಲು ಕಾದಿರುತ್ತಾನೆ. ಇಡೀ ರಂಗದ ಮೇಲೆ ಅದು ವೃತ್ತಿಯಾಗಿರುವುದು ಆಕೆಗೊಬ್ಬಳಿಗೇ. ಉಳಿದವರಿಗೆ ಆಸೆ. ಆದರೂ ಫೋಟೊ ಬ್ಯಾನರಿನಲ್ಲಿ ಆಕೆಯ ಮುಖ ಕೆಳಗಿನ ಸಾಲಿನಲ್ಲಿ, ಅಂಚೆಚೀಟಿಯಷ್ಟು.

ಇರಲಿ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ ಒಂದು ಸಂಗತಿ. ಈ ಹೆಂಗಸರಿಗೆ ಮೊದಲು ಕಲಿಸುವುದು ಬೀಳುವುದನ್ನು.

ಟಿವಿ ಕುಸ್ತಿಯ ಕಣ ಹೊರಗಿನಿಂದ ಹಾಸಿಗೆಯ ಹಾಗೆ ಕಾಣುತ್ತದೆ. ಕೆಳಗಿರುವುದು ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳಗೊಂದು ಫೋಮ್, ಮೇಲೆ ಬಿಗಿದು ಕಟ್ಟಿದ ಕ್ಯಾನ್ವಾಸ್. ಅದರ ಮೇಲೆ ಹಿಮ್ಮುಖವಾಗಿ ಬೀಳಬೇಕು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಮೊಣಕೈ ಊರಬಾರದು, ಬೀಳುವವರ ಕೈ ತಾನಾಗಿ ನೆಲ ಹುಡುಕುತ್ತದೆ, ಆ ಅಭ್ಯಾಸವನ್ನೇ ಮೊದಲು ಬಿಡಿಸಬೇಕು. ಎರಡೂ ತೋಳು ಅಗಲಿಸಿ, ಅಂಗೈಯಿಂದ ನೆಲವನ್ನು ಪಟ್ಟನೆ ಬಡಿದು, ಭುಜದ ಹಿಂದಿನ ಅಗಲವಾದ ಬೆನ್ನು ಒಟ್ಟಿಗೇ ತಾಗುವ ಹಾಗೆ ಬಿದ್ದು, ಅದೇ ಗಳಿಗೆಗೆ ಉಸಿರು ಹೊರಗೆ ಬಿಡಬೇಕು. ಪೆಟ್ಟು ಒಂದೇ ಕಡೆ ಕೂರದೆ ಮೈಯೆಲ್ಲ ಹಂಚಿಹೋಗುತ್ತದೆ. ಧಡ್ ಎಂದು ಸದ್ದು ಬರುತ್ತದೆ. ನೋಡುವವರ ಹೊಟ್ಟೆಯಲ್ಲಿ ಕಲೆಸಿದ ಹಾಗಾಗುವುದು ಆ ಸದ್ದಿಗೇ. ಸೋಲು ಗೆಲುವು ಮೊದಲೇ ಬರೆದಿಟ್ಟದ್ದು, ಸಿಟ್ಟು ಸುಳ್ಳು, ಹೆಸರು ಸುಳ್ಳು. ಬೀಳುವುದು ಮಾತ್ರ ನಿಜ. ಈ ಧಾರಾವಾಹಿಯ ನಟಿಯರು ಚಿತ್ರೀಕರಣಕ್ಕೆ ಮೊದಲು ವಾರಗಟ್ಟಲೆ ಇದನ್ನು ಕಲಿತು, ಕುಸ್ತಿಯ ಬಹುಭಾಗವನ್ನು ತಾವೇ ಆಡಿದ್ದಾರೆ. ಕಲಿಸಿದವರು ಚಾವೊ ಗೆರೆರೊ ಜೂನಿಯರ್. 1980ರ ದಶಕದ ನಿಜವಾದ 'ಗ್ಲೋ' ಹೆಂಗಸರಿಗೆ ಬೀಳುವುದನ್ನು ಕಲಿಸಿದ್ದು ಇವರ ದೊಡ್ಡಪ್ಪ ಚಿಕ್ಕಪ್ಪಂದಿರ ಪೈಕಿ ಒಬ್ಬರಾದ ಮಾಂಡೊ ಗೆರೆರೊ. ವಿದ್ಯೆ ಆ ಮನೆಯಲ್ಲೇ ಉಳಿದಿತ್ತು.

ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಒಂದು ರಾತ್ರಿ ಚಾರ್ಜರ್ ಕೇಳಲು ಮೇಲೆ ಬಂದವಳು ಬಾಗಿಲಲ್ಲೇ ನಿಂತು ಒಂದಿಡೀ ಕಂತು ನೋಡಿದಳು. "ಅಕ್ಕ, ಸೊಂಟ ಏನಾಗ್ಬೇಕು?" ಎಂಬುದೊಂದೇ ಅವಳ ಪ್ರಶ್ನೆ. ದಿನವಿಡೀ ಮಿಷನ್ನಿನ ಮುಂದೆ ಬಾಗಿ ಕೂರುವವಳಿಗೆ ಮೊದಲು ಕಾಣುವುದು ಬೆನ್ನೇ. ಆಮೇಲೆ ಕಂತು ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ಗಂಟಲು ಹರಿಯುವ ಹಾಗೆ ಕಿರುಚುವುದನ್ನು ನೋಡಿ ನಕ್ಕಳು. ಅವರಮ್ಮನೂ ಗಾರ್ಮೆಂಟ್ಸಿನವರೇ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದು, ಹೊಸೂರು ರಸ್ತೆಯೂ ನಮ್ಮ ಈ ತುಮಕೂರು ರಸ್ತೆಯೂ ನಿಂತುಹೋಗಿ, ಕೇಂದ್ರ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತಲ್ಲ, ಆಗ ಜಾಲಹಳ್ಳಿ ಕ್ರಾಸಿನಲ್ಲಿ ಕೂತಿದ್ದರಂತೆ. "ಅಮ್ಮ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದ್ಲು ಅಂತೆ ಅಕ್ಕ. ಮನೆಗೆ ಬಂದಾಗ ಗಂಟ್ಲೇ ಇರ್ಲಿಲ್ಲ." ಚಾರ್ಜರ್ ಮರೆತು ಹೋದಳು.

ಬೀಳುವುದನ್ನು ಕಲಿತ ಮೇಲೆ ಎತ್ತಿಸಿಕೊಳ್ಳುವುದನ್ನು ಕಲಿಯಬೇಕು. ನನ್ನ ಬೆರಗೆಲ್ಲ ಇಲ್ಲಿದೆ. ಎತ್ತುವವಳು ಒಂದು ಕೈಯನ್ನು ಎದುರಿನವಳ ತೊಡೆಗಳ ನಡುವೆ ತೂರಿಸಿ ಇನ್ನೊಂದನ್ನು ಭುಜದ ಮೇಲೆ ಹಾಕುತ್ತಾಳೆ. ಎತ್ತಿಸಿಕೊಳ್ಳುವವಳು ಅದೇ ಗಳಿಗೆಗೆ ನೆಲ ಒದ್ದು ಮೇಲಕ್ಕೆ ಜಿಗಿಯಬೇಕು. ಅವಳು ಜಿಗಿಯದಿದ್ದರೆ ಎಂಥ ಪೈಲ್ವಾನಳಿಗೂ ಎತ್ತಲಾಗದು. ಮೇಲೆ ಹೋದ ಮೇಲೆ ತಲೆಕೆಳಗಾಗಿ ನೇತಾಡುವವಳ ಕತ್ತು, ಬೆನ್ನುಮೂಳೆ ಎಲ್ಲ ಎತ್ತಿದವಳ ಕೈಯಲ್ಲಿ. ಅವಳು ಒಗೆಯುವ ಹಾಗೆ ಕಾಣಬೇಕು, ಆದರೆ ಚಪ್ಪಟೆಯಾಗಿ ಇಳಿಸಬೇಕು. ಅಂಗೈಯಗಲದಷ್ಟು ಹೆಚ್ಚುಕಮ್ಮಿಯಾದರೂ ಆಸ್ಪತ್ರೆ. ನೋಡುವವನಿಗೆ ಒಬ್ಬಳು ಇನ್ನೊಬ್ಬಳನ್ನು ನೆಲಕ್ಕಪ್ಪಳಿಸಿದ್ದು ಕಾಣುತ್ತದೆ. ನಡೆಯುವುದು ಇಬ್ಬರೂ ಸೇರಿ ಒಬ್ಬಳನ್ನು ಜೋಪಾನವಾಗಿ ಕೆಳಗಿಳಿಸುವ ಕೆಲಸ. ಹೊಡೆತದ ವೇಷದೊಳಗೆ ಇಷ್ಟು ಆರೈಕೆ ಅಡಗಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಈ ಆರೈಕೆಯನ್ನು ಕಥೆಗಾರ್ತಿಯರು ಯಾರಿಂದ ಮಾಡಿಸುತ್ತಾರೆ ಎಂಬುದರಲ್ಲಿ ಧಾರಾವಾಹಿಯ ಜಾಣತನವೆಲ್ಲ ಇದೆ. ರೂತ್ ಮತ್ತು ಡೆಬ್ಬಿ ಆಪ್ತ ಗೆಳತಿಯರು. ಆಲಿಸನ್ ಬ್ರೀ ರೂತ್, ಬೆಟ್ಟಿ ಗಿಲ್ಪಿನ್ ಡೆಬ್ಬಿ. ರೂತ್ ಡೆಬ್ಬಿಯ ಗಂಡನ ಜೊತೆ ಮಲಗಿದ್ದಾಳೆ. ಅದು ಗೊತ್ತಾದ ದಿನ ಡೆಬ್ಬಿ ಕಂಕುಳಲ್ಲಿ ಕೂಸಿನೊಂದಿಗೆ ಜಿಮ್ಮಿಗೆ ನುಗ್ಗುತ್ತಾಳೆ, ಕೂಸನ್ನು ಯಾರದೋ ಕೈಗೆ ಕೊಟ್ಟು ಕಣಕ್ಕೆ ಹತ್ತಿ ರೂತ್‌ಳನ್ನು ಹಿಡಿದು ಬಡಿಯುತ್ತಾಳೆ. ನಿಜವಾದ ಜಗಳ. ಅಸಹ್ಯವಾದ, ಅಂದವಿಲ್ಲದ, ಕೂದಲು ಕೀಳುವ ಜಗಳ. ಅದನ್ನು ನೋಡುತ್ತ ನಿಂತ ಸ್ಯಾಮ್‌ನ ತಲೆಯೊಳಗೆ ಬೇರೊಂದು ಚಿತ್ರ ಮೂಡುತ್ತದೆ: ಬೆಳಕು, ಥಳಥಳ ಉಡುಪು, ಕಿರುಚುವ ಪ್ರೇಕ್ಷಕರು, ಅದರ ನಡುವೆ ಇದೇ ಇಬ್ಬರು. ಮೊದಲ ಕಂತು ಅಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಡೆಬ್ಬಿ ಅಮೆರಿಕದ ಬಾವುಟ ಉಟ್ಟ ದೇಶಭಕ್ತೆ, ರೂತ್ ಸೋವಿಯತ್ ರಷ್ಯಾದ ದುಷ್ಟೆ. ಇಬ್ಬರೂ ದಿನವೂ ದ್ವೇಷವನ್ನು ಅಭ್ಯಾಸ ಮಾಡಬೇಕು.

ನಮ್ಮ ಬೀದಿಯಲ್ಲಿ ಎರಡು ಮನೆಗಳಿವೆ. ಕಾರು ನಿಲ್ಲಿಸುವ ಜಾಗಕ್ಕೆ ಯಾವತ್ತೋ ಮಾತು ಬೆಳೆದು, ಆ ಮನೆಗಳ ಹೆಂಗಸರಿಬ್ಬರೂ ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ತರಕಾರಿ ಗಾಡಿಯ ಹತ್ತಿರ ಎದುರುಬದುರಾದರೆ ಒಬ್ಬರು ಕೊತ್ತಂಬರಿ ಸೊಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನಿಜವಾಗಿ ಜಗಳವಾಡಿದವರು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಜಗಳದ ನಾಟಕ ಆಡುವವರಿಗೆ ಮುಟ್ಟದೆ ಗತಿಯಿಲ್ಲ. ಡೆಬ್ಬಿಗೆ ರೂತ್‌ಳ ಮುಖ ಕಂಡರಾಗದು, ಆದರೆ ತಲೆಕೆಳಗಾದಾಗ ತನ್ನ ಕತ್ತನ್ನು ಅವಳ ತೋಳಿಗೆ ಒಪ್ಪಿಸಲೇಬೇಕು. ಮಾತು ಬಿಟ್ಟವಳ ಬೆವರು ಮೈಗೆ ಹತ್ತುತ್ತದೆ, ಉಸಿರಿನ ಲೆಕ್ಕ ಹಿಡಿಯಬೇಕಾಗುತ್ತದೆ. ಅವಳು ಯಾವಾಗ ಜಿಗಿಯುತ್ತಾಳೆ ಎಂಬುದು ಇವಳ ಮೈಗೆ ಗೊತ್ತಾಗಲು ಶುರುವಾಗುತ್ತದೆ, ಮನಸ್ಸು ಇನ್ನೂ ಕ್ಷಮಿಸಿಲ್ಲ. ಮೈಯೊಂದು ದಾರಿ, ಮನಸ್ಸೊಂದು ದಾರಿ ಹಿಡಿದು ಹೀಗೆ ಎಷ್ಟು ದಿನ ನಡೆಯಬಹುದು? ಕಥೆಗಾರ್ತಿಯರು ಇದಕ್ಕೆ ಬೇಗ ಉತ್ತರ ಕೊಡುವುದಿಲ್ಲ. ಕೊಟ್ಟಿದ್ದರೆ ನಾನು ಟಿವಿ ಆರಿಸಿ ಮಲಗುತ್ತಿದ್ದೆ.

ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಗದಾಯುದ್ಧದಲ್ಲಿ ಭೀಮನ ಪಾರ್ಟಿನವನು ತೊಡೆಗೆ ಹೊಡೆಯುವ ಮುಂಚೆ ದುರ್ಯೋಧನನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾನಂತೆ. ಗದೆ ಟೊಳ್ಳೇ ಆದರೂ ಸನ್ನೆ ತಪ್ಪಿದರೆ ಮಂಡಿಚಿಪ್ಪು ಹೋಗುತ್ತದಂತೆ. "ಇಬ್ರಿಗೂ ಜಮೀನಿನ ಕೇಸಿತ್ತು ಕೋರ್ಟಲ್ಲಿ. ಆದ್ರೂ ಸನ್ನೆ ಮಾಡ್ತಿದ್ದ, ಪಾಪ" ಎಂದರು, ತಮ್ಮೂರಿನ ಯಾವುದೋ ಭೀಮನನ್ನು ನೆನೆದು. ಹತ್ತನೆಯ ಶತಮಾನದ ರನ್ನನಿಂದ ಹಿಡಿದು ನಮ್ಮ ಲೇಔಟಿನ ಬಯಲಿನವರೆಗೆ ಕನ್ನಡದವರು ಆ ತೊಡೆಯ ಪೆಟ್ಟನ್ನು ಎಷ್ಟು ಸಾವಿರ ಸಲ ಹೊಡೆದಿದ್ದಾರೋ! ಅಷ್ಟು ಸಲವೂ ಒಬ್ಬ ದುರ್ಯೋಧನ ಎದುರಿನವನ ಕಣ್ಣು ನಂಬಿ ತೊಡೆ ಕೊಟ್ಟಿದ್ದಾನೆ.

ಡೆಬ್ಬಿಗೆ ಈ ಕುಸ್ತಿಯ ಮರ್ಮ ಹೊಳೆಯುವ ದೃಶ್ಯ ಅತ್ತೆಗೆ ಬಹಳ ಹಿಡಿಸಿತು. ಡೆಬ್ಬಿ ಮೊದಲು ಧಾರಾವಾಹಿಯ ನಟಿ. ಕುಸ್ತಿ ಎಂದರೆ ಅವಳಿಗೆ ಮೂಗು ಮುರಿಯುವಷ್ಟು ತಾತ್ಸಾರ. ಪೈಲ್ವಾನರ ಮನೆಯಲ್ಲಿ ಹುಟ್ಟಿದ ಕಾರ್ಮೆನ್ ಎಂಬ ದಪ್ಪನೆಯ, ಮೆದು ಮಾತಿನ ಹುಡುಗಿಯ ಜೊತೆ ಗಂಡಸರ ಪಂದ್ಯವೊಂದನ್ನು ನೋಡಲು ಹೋಗುತ್ತಾಳೆ. ಅಲ್ಲಿ ಮೋಸ, ಸೇಡು, ಬೆನ್ನಿಗೆ ಚೂರಿ, ಮತ್ತೆ ಒಂದಾಗುವುದು ಎಲ್ಲ ಕಂಡು ಕಣ್ಣರಳಿಸುತ್ತಾಳೆ: ಇದು ತಾನು ಮಾಡುತ್ತಿದ್ದ ಧಾರಾವಾಹಿಯೇ! ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎರಡು ತಾಸಿನ ಹಿಂದಷ್ಟೇ ಓರಗಿತ್ತಿಯರ ಸಂಚು ಮುಗಿದಿತ್ತು. ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು. ನನ್ನ ಮಗನ ಅಪ್ಪ ಹುಡುಗನಾಗಿದ್ದಾಗ ಕೇಬಲ್ ಟಿವಿಯ ಕುಸ್ತಿಯಲ್ಲಿ ಅಂಡರ್‌ಟೇಕರ್ ಎಂಬ ಪೈಲ್ವಾನ ಸತ್ತು ಸತ್ತು ಬದುಕಿ ಬರುವುದನ್ನು ನೋಡುತ್ತ ಉಗುರು ಕಚ್ಚಿದವರು, ಪೈಲ್ವಾನರ ಚಿತ್ರದ ಟ್ರಂಪ್ ಕಾರ್ಡಿಗಾಗಿ ಗೆಳೆಯರ ಜೊತೆ ಹೊಡೆದಾಡಿದವರು. ಅಮ್ಮನ ಧಾರಾವಾಹಿಯನ್ನು ಅವರು ಇಂದಿಗೂ ಆಡಿಕೊಳ್ಳುತ್ತಾರೆ. ಇಬ್ಬರೂ ನೋಡಿದ್ದು ಒಂದನ್ನೇ ಎಂದು ಹೇಳಿದರೆ ಒಪ್ಪುವುದಿಲ್ಲ.

ಎಲ್ಲವೂ ನಗುವಿನ ಮಾತಲ್ಲ. ಸ್ಯಾಮ್ ಪಾರ್ಟು ಹಂಚುವುದು ಮುಖ ನೋಡಿ, ಮೈಬಣ್ಣ ನೋಡಿ. ಆರ್ತಿ ಪ್ರೇಮ್‌ಕುಮಾರ್ ಎಂಬವಳಿದ್ದಾಳೆ, ಸುನೀತಾ ಮಣಿ ಎಂಬ ನಟಿ ಮಾಡಿದ ಪಾತ್ರ. ಭಾರತದ ಮೂಲದ, ಡಾಕ್ಟರಿಕೆ ಓದುವ ಹುಡುಗಿ. ಕಂದು ಮೈಬಣ್ಣ ಕಂಡದ್ದೇ ಅವಳನ್ನು ಬೈರೂತ್‌ನ ಬಾಂಬುಗಾರ್ತಿ ಮಾಡುತ್ತಾರೆ. ಅಭ್ಯಾಸದಲ್ಲಿ ಅದು ತಮಾಷೆ. ಪ್ರೇಕ್ಷಕರ ಮುಂದೆ ನಿಂತಾಗ ಬೈಗುಳ ನಿಜವಾಗಿ ಬರುತ್ತದೆ, ಅವಳ ಮುಖ ನೋಡಲಾಗುವುದಿಲ್ಲ. ಟಮ್ಮೇ ಎಂಬ ಕಪ್ಪು ಹೆಂಗಸಿನ ಪಾರ್ಟು ಇನ್ನೂ ಕಠಿಣ. ಸರ್ಕಾರದ ಕಾಸಿನಲ್ಲಿ ಮಜಾ ಮಾಡುವ ಸೋಮಾರಿ ಬಡವಿ ಎಂಬ ರೇಗನ್ ಕಾಲದ ಹಂಗಿಸುವ ಮಾತೇ ಅವಳ ವೇಷ. ಅವಳ ಮಗ ಸ್ಟ್ಯಾನ್‌ಫೋರ್ಡ್‌ನಲ್ಲಿ ಓದುತ್ತಿದ್ದಾನೆ. ಅಮ್ಮ ಏನು ಕೆಲಸ ಮಾಡುತ್ತಾಳೆಂದು ನೋಡಲು ಬರುತ್ತಾನೆ. ಆವತ್ತೇ ಅವಳು ಸೋಲಬೇಕಾದ ದಿನ. ಕೆಲಸಕ್ಕೆ ಹೋಗು, ಕೆಲಸಕ್ಕೆ ಹೋಗು ಎಂದು ಇಡೀ ಸಭೆ ಕೂಗುವಾಗ, ಆ ಹೊತ್ತಿನಲ್ಲಿ ಬೆನ್ನು ನೋಯಿಸಿಕೊಂಡು ಕೆಲಸವನ್ನೇ ಮಾಡುತ್ತಿರುವವಳು ಆ ಹೆಂಗಸು. ಟಮ್ಮೇಳಾಗಿ ನಟಿಸಿದ ಕಿಯಾ ಸ್ಟೀವನ್ಸ್ ನಿಜಜೀವನದಲ್ಲೂ ಕುಸ್ತಿಪಟು. ಆ ಕೂಗು ಅವರಿಗೆ ಹೊಸದಲ್ಲ ಅನ್ನಿಸುತ್ತದೆ.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳಲ್ಲಿ ಎದ್ದ ಮಾತುಗಳು ನನಗೆ ಆ ರಾತ್ರಿ ಕೇಳಿಸಿದವು. ಎಂಟನೇ ಮೈಲಿಯಿಂದ ಮೆಜೆಸ್ಟಿಕ್ಕಿಗೆ ಹೋಗುವಾಗ, ಬೆಳಗಿನ ಪಾಳಿಗೆ ಕಣ್ಣುಜ್ಜಿಕೊಂಡು ನಿಂತ ಹೆಂಗಸರನ್ನು ನೋಡಿ, ಫ್ರೀ ಎಂದು ತಿರುಗಾಡಲು ಹೊರಟಿದ್ದಾರೆ ಎಂದು ಹಿಂದಿನ ಸೀಟಿನವರು ಹೇಳುವುದನ್ನು ಯಾರು ಕೇಳಿಲ್ಲ? 'ಗ್ಲೋ' ಇಲ್ಲಿ ಸ್ವಲ್ಪ ಬೇಗ ನಗಿಸಿ ಮುಂದೆ ಹೋಗುತ್ತದೆ ಎಂಬುದು ನನ್ನ ತಕರಾರು. ಟಮ್ಮೇಳ ಮುಖದ ಮೇಲೆ ಕ್ಯಾಮೆರಾ ಇನ್ನಷ್ಟು ಹೊತ್ತು ನಿಲ್ಲಬಹುದಿತ್ತು, ಆರ್ತಿಯ ಮುಖದ ಮೇಲಂತೂ ಖಂಡಿತ.

ಸುಳ್ಳು ಕುಸ್ತಿಯಲ್ಲಿ ನಿಜವನ್ನು ಹುಡುಕುತ್ತ ಕೂತವಳಿಗೆ, ನಿಜವಾದ ಕುಸ್ತಿಯನ್ನು ಸುಳ್ಳೆಂದು ಕರೆಸಿಕೊಂಡವಳೊಬ್ಬಳು ನೆನಪಾಗದೆ ಇರುವುದಿಲ್ಲ. ಉತ್ತರ ಪ್ರದೇಶದ ಹಮೀದಾ ಬಾನು. 1940, 50ರ ದಶಕಗಳಲ್ಲಿ ಗಂಡಸರ ಜೊತೆ ಸೆಣಸಿದ ಪೈಲ್ವಾನಳು. ತನ್ನನ್ನು ಗೆದ್ದವನನ್ನು ಮದುವೆಯಾಗುತ್ತೇನೆ ಎಂದು ಸವಾಲು ಹಾಕಿದವಳು. 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಗೆದ್ದಾಗಲೆಲ್ಲ ಒಂದಷ್ಟು ಜನ ಅದು ಮೊದಲೇ ಮಾತಾಡಿಕೊಂಡ ಆಟ ಎಂದರು. ಗಂಡು ಗೆದ್ದರೆ ಪಟ್ಟು, ಹೆಣ್ಣು ಗೆದ್ದರೆ ಒಳಒಪ್ಪಂದ! ಹೆಣ್ಣಿನ ಕುಸ್ತಿ ಒಲಿಂಪಿಕ್ಸ್ ಮೆಟ್ಟಿಲು ಹತ್ತಿದ್ದು 2004ರಲ್ಲಿ, ಅಥೆನ್ಸ್‌ನಲ್ಲಿ. ಸಾಕ್ಷಿ ಮಲಿಕ್ ರಿಯೊದಲ್ಲಿ ಕಂಚು ಗೆದ್ದದ್ದು 2016ರಲ್ಲಿ. 2024ರಲ್ಲಿ ಪ್ಯಾರಿಸ್‌ನ ಫೈನಲ್ ದಿನ ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚು ತೂಗಿ ಹೊರಬಿದ್ದಾಗ, ಅತ್ತೆ ಅಡುಗೆಮನೆಯಿಂದ ತಕ್ಕಡಿ ತರಿಸಿ ನೂರು ಗ್ರಾಂ ಎಂದರೆ ಎಷ್ಟು ಎಂದು ಕಡಲೆಬೇಳೆ ತೂಗಿ ನೋಡಿದ್ದರು. ಒಂದು ಹಿಡಿಯಷ್ಟು ಬೇಳೆ. ಬಹಳ ಹೊತ್ತು ಅದನ್ನು ಡಬ್ಬಿಗೆ ವಾಪಸು ಹಾಕಲೇ ಇಲ್ಲ.

ನಮ್ಮ ಗರಡಿಮನೆಗಳ ಮಣ್ಣು ಕೆಂಪು. ಅರಿಶಿನ, ತುಪ್ಪ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಮಣ್ಣು, ಪೂಜೆಗೊಳ್ಳುವ ಮಣ್ಣು. ಹೆಣ್ಣು ಅಲ್ಲಿ ಕಾಲಿಡುವಂತಿರಲಿಲ್ಲ. ವಿಚಿತ್ರವೆಂದರೆ ಮೈಸೂರಿನ ಗರಡಿಗಳಲ್ಲಿ ಪೈಲ್ವಾನರು ಕೈಮುಗಿಯುವುದು ನಿಂಬುಜಾದೇವಿಗೆ, ಒಬ್ಬ ಹೆಣ್ಣುದೇವರಿಗೆ. ಆ ಮೈಸೂರಿನ ದಸರಾ ಕುಸ್ತಿಯಲ್ಲೇ ಈಗ ಹೆಣ್ಣುಮಕ್ಕಳಿಗೂ ಜೋಡಿ ಕಟ್ಟುತ್ತಾರೆ. ಉತ್ತರ ಕನ್ನಡದ ಹಳಿಯಾಳದಿಂದ, ಗದಗದಿಂದ, ಬೆಳಗಾವಿಯಿಂದ ಹುಡುಗಿಯರು ಬರುತ್ತಾರೆ. ಹಳಿಯಾಳದವರಲ್ಲಿ ಲೀನಾ ಸಿದ್ದಿಯಂಥ ಸಿದ್ದಿ ಸಮುದಾಯದ ಹುಡುಗಿಯರೂ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನಂಚಿನಲ್ಲಿ ನೆಲೆ ನಿಂತವರ ಮಕ್ಕಳು ಕನ್ನಡದಲ್ಲಿ ಪಟ್ಟು ಕೇಳಿ, ಕನ್ನಡದಲ್ಲಿ ಪಟ್ಟು ಹಾಕುತ್ತಾರೆ. ಅಮೆರಿಕದ ಸ್ಯಾಮ್‌ನ ಕೈಗೆ ಸಿಕ್ಕಿದ್ದರೆ ಅವರಿಗೆ ಎಂಥ ವೇಷ ಕಟ್ಟುತ್ತಿದ್ದನೋ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಇಲ್ಲಿ ವೇಷವಿಲ್ಲ. ಒಂದು ಸಿಂಗ್ಲೆಟ್, ಹಿಂದಕ್ಕೆ ಬಿಗಿದ ಜಡೆ, ಅಷ್ಟೇ. ಮೇಲಿನವಳು ಕೆಳಗಿನವಳನ್ನು ಜೋಪಾನ ಮಾಡುವ ಕರಾರೂ ಇಲ್ಲ. ಆದರೆ ಇಬ್ಬರೂ ಕಲಿಯಲು ಶುರುಮಾಡಿದ್ದು ಬೀಳುವುದರಿಂದಲೇ. ಪಂದ್ಯ ಮುಗಿದು ಕೈ ಕುಲುಕಿ ಹೊರಗೆ ಬಂದ ಮೇಲೆ ಒಬ್ಬಳ ಕಿವಿಯ ಮಣ್ಣನ್ನು ಇನ್ನೊಬ್ಬಳು ಒರೆಸಿಕೊಡುವುದನ್ನೂ ಅಲ್ಲಿ ಕಾಣಬಹುದು.

'ಗ್ಲೋ' ಮೂರು ಸೀಸನ್‌ಗೆ ನಿಂತುಹೋಯಿತು. ನಾಲ್ಕನೆಯದು ಕೊನೆಯದು ಎಂದು ಸಾರಿ, ಚಿತ್ರೀಕರಣವನ್ನೂ ಶುರುಮಾಡಿದ್ದರು. 2020ರಲ್ಲಿ ಕೋವಿಡ್ ಬಂತು. ಮಾತಿನ ಧಾರಾವಾಹಿಗಳನ್ನು ಅಂತರ ಕಾಪಾಡಿಕೊಂಡು ಹೇಗೋ ಮುಗಿಸಬಹುದು. ಒಬ್ಬರ ಬೆವರು ಒಬ್ಬರ ಕಣ್ಣಿಗೆ ಹೋಗುವ ಈ ಕೆಲಸವನ್ನು ಆರಡಿ ದೂರದಲ್ಲಿ ಮಾಡುವುದು ಹೇಗೆ? ಆ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಬಾಗಿಲು ಹಾಕಿತು. ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಕಲೆಕ್ಷನ್ ಇರ್ಲಿಲ್ವೇನೋ. ಕಂಪ್ನಿಗಳು ಮುಚ್ಚೋದೇ ಹಂಗೆ, ಅರ್ಧಕ್ಕೆ. ಅವ್ರಿಬ್ರು ಮಾತಾಡ್ಕೊಂಡ್ರಾ ಇಲ್ವಾ, ಅದ್ ಹೇಳು."

"ನಾನೂ ಇನ್ನೂ ನೋಡಿಲ್ಲ ಅತ್ತೆ. ಎರಡನೇದು ಅರ್ಧ ಇದೆ, ಮೂರನೇದು ಪೂರ್ತಿ ಇದೆ."

"ಹಂಗಾದ್ರೆ ಹಾಕು. ಕೆಳಗಿನ್ ಮನೆ ಹುಡ್ಗೀನೂ ಕರಿ, ಮಲಗಿರಲ್ಲ ಅವ್ಳು."